ಮಜ್ಜೆಯ ಕ್ಯಾನ್ಸರ್: ಹೊಸ ಔಷಧದ ಪ್ರಯೋಗಕ್ಕೆ ಒಪ್ಪಬಹುದೇ?

ನಮ್ಮ ಕರಾವಳಿಯ ಮನೆಗಳಲ್ಲಿ ಸೊಂಟನೋವನ್ನು ರೋಗವೆಂದು ಯಾರೂ ಎಣಿಸುವುದಿಲ್ಲ. ಅಡಿಕೆ ಸುಲಿಯುವವರಿಗೂ, ಬಲೆ ಎಳೆಯುವವರಿಗೂ, ಬಗ್ಗಿ ನಾಟಿ ಮಾಡುವವರಿಗೂ ಅದು ನಿತ್ಯದ ಸಂಗಾತಿ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದುಕೊಂಡು, ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿ ದಿನ ದೂಡುವುದು ರೂಢಿ. ಬಹುಪಾಲು ಜನರಿಗೆ ಅಷ್ಟು ಸಾಕಾಗುತ್ತದೆ ಕೂಡ. ಆದರೆ ಅಪರೂಪಕ್ಕೊಮ್ಮೆ ಆ ನೋವು ತಿಂಗಳುಗಟ್ಟಲೆ ಇಳಿಯುವುದಿಲ್ಲ, ಮುಖ ಬಿಳಿಚಿಕೊಳ್ಳುತ್ತದೆ, ಬಚ್ಚಲಲ್ಲಿ ಸಣ್ಣಗೆ ಜಾರಿದ್ದಕ್ಕೇ ಎಲುಬು ಮುರಿಯುತ್ತದೆ. ಕೊನೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹೋದಾಗ ವೈದ್ಯರು ಮಜ್ಜೆಯ ಪರೀಕ್ಷೆ ಮಾಡಿ, ಮನೆಯವರು ಹಿಂದೆಂದೂ ಕೇಳಿರದ ಒಂದು ಹೆಸರನ್ನು ಹೇಳುತ್ತಾರೆ: ಮಲ್ಟಿಪಲ್ ಮೈಲೋಮಾ.

ಎಲುಬಿನ ಒಳಗಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳ ನೆಲೆಯೂ ಅದೇ. ಈ ಕೋಶಗಳಲ್ಲಿ ಒಂದು ಗುಂಪು ಲಂಗುಲಗಾಮಿಲ್ಲದೆ ಬೆಳೆಯುವುದೇ ಮೈಲೋಮಾ. ಅವು ಎಲುಬನ್ನು ಕೊರೆಯುತ್ತವೆ, ರಕ್ತ ಹುಟ್ಟುವ ಜಾಗವನ್ನು ಆಕ್ರಮಿಸುತ್ತವೆ, ನಿರುಪಯುಕ್ತ ಪ್ರೋಟೀನನ್ನು ಸುರಿಸಿ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ನೋವಿನ ಗುಳಿಗೆಗಳಲ್ಲಿ ಅನೇಕವು ಇಂಥ ಮೂತ್ರಪಿಂಡಕ್ಕೆ ಇನ್ನಷ್ಟು ಕೇಡು ಮಾಡುತ್ತವೆಂಬುದನ್ನು ಓದುಗರು ಗಮನಿಸಬೇಕು. ಜಗತ್ತಿನ ಒಟ್ಟು ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದರ ಆಸುಪಾಸು. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ವೃದ್ಧರ ರೋಗ. ನಮ್ಮ ದೇಶದಲ್ಲಿ ಸುಮಾರು ಒಂದು ದಶಕ ಮೊದಲೇ, ಮಕ್ಕಳ ಮದುವೆ ಮುಗಿಯದಿರುವ ವಯಸ್ಸಿನಲ್ಲಿಯೇ, ಕಾಣಿಸಿಕೊಳ್ಳುತ್ತದೆ.

ಚಿಕಿತ್ಸೆ ಇದೆ, ಅದರಿಂದ ಹಲವು ವರ್ಷ ಚೆನ್ನಾಗಿ ಬಾಳಿದವರೂ ಇದ್ದಾರೆ. ಆದರೆ ರೋಗ ಮರಳುವುದು ಸಾಮಾನ್ಯ. ಹಾಗೆ ಎರಡನೆಯ ಅಥವಾ ಮೂರನೆಯ ಬಾರಿ ಮರಳಿದಾಗ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರು ಒಂದು ಮಾತು ಮುಂದಿಡುತ್ತಾರೆ: "ಹೊಸ ಔಷಧವೊಂದರ ಪ್ರಯೋಗ ನಡೆಯುತ್ತಿದೆ, ಸೇರುತ್ತೀರಾ?" ಈ ಮಾತು ಕೇಳಿದ ಮನೆಯವರು ಊರಿಗೆ ಬಂದು ಇಗರ್ಜಿಯ ಬಾಗಿಲು ತಟ್ಟುತ್ತಾರೆ. "ಫಾದರ್, ನಮ್ಮಪ್ಪ ಏನು ಮೊಲವೋ ಇಲಿಯೋ?" ಎಂದು ಕೇಳುವವರೂ ಇದ್ದಾರೆ, "ಇದಕ್ಕೆ ಧರ್ಮಸಭೆಯ ಒಪ್ಪಿಗೆ ಉಂಟೇ?" ಎನ್ನುವವರೂ ಇದ್ದಾರೆ. ನಾವು ವೈದ್ಯರಲ್ಲ. ಸೇರಬೇಕೋ ಬಾರದೋ ಎಂದು ಯಾರಿಗೂ ಹೇಳಲಾರೆವು. ಪ್ರಯೋಗವೆಂದರೆ ಏನು, ಒಪ್ಪಿಗೆಯೆಂದರೆ ಏನು ಎಂಬುದನ್ನಷ್ಟೇ ಇಲ್ಲಿ ವಿಚಾರಿಸುತ್ತೇವೆ.

ಇಪ್ಪತ್ತು ವರ್ಷ ಕೊಟ್ಟ ವ್ಯರ್ಥ ಔಷಧ

1844ರಲ್ಲಿ ಲಂಡನ್ನಿನಲ್ಲಿ ಈ ರೋಗದಿಂದ ನರಳಿದ ಮಹಿಳೆಯೊಬ್ಬರ ವಿವರ ದಾಖಲಾಗಿದೆ. ಆಕೆಗೆ ಕೊಟ್ಟ ಮದ್ದುಗಳಲ್ಲಿ ಕಿತ್ತಳೆ ಸಿಪ್ಪೆಯ ಕಷಾಯವೂ ಸೇರಿತ್ತು. ಮರುವರ್ಷ ಅದೇ ನಗರದ ದಿನಸಿ ವ್ಯಾಪಾರಿಯೊಬ್ಬರ ಮೂತ್ರವನ್ನು ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯ ವಿಜ್ಞಾನಿ ಪರೀಕ್ಷಿಸಿ, ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುವ ಪ್ರೋಟೀನನ್ನು ವಿವರಿಸಿದರು. ಆ ವ್ಯಾಪಾರಿಗೆ ಜಿಗಣೆ ಹಚ್ಚಿ ರಕ್ತ ತೆಗೆದರು. ಅವರು 1846ರ ಜನವರಿ 1ರಂದು ತೀರಿಕೊಂಡರು. ಇದೆಲ್ಲ ಅಜ್ಞಾನದ ಕಾಲದ ಕತೆ ಎಂದು ನಗಬಹುದು. ನಗಲಾಗದ ಕತೆ ಮುಂದಿದೆ. 1947ರಿಂದೀಚೆಗೆ ಯುರೆಥೇನ್ ಎಂಬ ರಾಸಾಯನಿಕ ಈ ರೋಗಕ್ಕೆ ಒಳ್ಳೆಯದೆಂಬ ನಂಬಿಕೆ ಹುಟ್ಟಿತು. ಒಬ್ಬಿಬ್ಬರಿಗೆ ಗುಣ ಕಂಡಂತಾಯಿತು, ಎಲ್ಲರೂ ಕೊಡಲಾರಂಭಿಸಿದರು. ಸುಮಾರು ಇಪ್ಪತ್ತು ವರ್ಷ ಹೀಗೆ ನಡೆಯಿತು. ಕೊನೆಗೆ ಅಮೆರಿಕದಲ್ಲಿ 83 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಯುರೆಥೇನ್, ಇನ್ನೊಂದಕ್ಕೆ ಬರಿಯ ಸಿಹಿಪಾನಕ ಕೊಟ್ಟು ನೋಡಿದರು. 1966ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧದಿಂದ ಯಾವ ಲಾಭವೂ ಇರಲಿಲ್ಲ. ಅದನ್ನು ಕುಡಿದವರೇ ಬೇಗ ತೀರಿಕೊಂಡಿದ್ದರು.

ಆ ಇಪ್ಪತ್ತು ವರ್ಷ ಔಷಧ ಕೊಟ್ಟವರು ದುಷ್ಟರಲ್ಲ, ಅನುಭವಿಗಳು. ಅನುಭವವೊಂದೇ ಸಾಲದೆಂಬುದಕ್ಕೆ ನಮ್ಮ ಘಟ್ಟದ ಕೆಳಗೂ ಮೇಲೂ ಒಂದು ನಿದರ್ಶನವಿದೆ. ಮಂಗನಕಾಯಿಲೆಗೆ ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹೋಲಿಸಿ, ಅಳೆದು, ಎಣಿಸಿ ನೋಡದ ಹೊರತು ಔಷಧದ ಸತ್ಯ ತಿಳಿಯದು. ಪವಿತ್ರ ಗ್ರಂಥವನ್ನು ಓದುವವರಿಗೆ ಇದು ಹೊಸದೂ ಅಲ್ಲ. ಪ್ರವಾದಿ ದಾನಿಯೇಲ ಅರಮನೆಯ ಊಟವನ್ನು ನಿರಾಕರಿಸಿ, ಹತ್ತು ದಿನ ನಮಗೆ ಕಾಯಿಪಲ್ಯ ಕೊಟ್ಟು ನೋಡಿ, ಆಮೇಲೆ ಉಳಿದವರೊಡನೆ ಹೋಲಿಸಿ ಎಂದು ಕೇಳಿದ್ದು ಪ್ರಯೋಗವಲ್ಲದೆ ಮತ್ತೇನು? ಚೀಟಿ ಹಾಕುವುದೆಂದರೆ ಹುಬ್ಬೇರಿಸುವವರಿಗೆ, ಪ್ರೇಷಿತರು ಮತ್ತೀಯನನ್ನು ಆರಿಸಿದ್ದು ಹೇಗೆಂದು ನೆನಪಿಸುತ್ತೇವೆ.

ಇಂದಿನ ಕ್ಯಾನ್ಸರ್ ಪ್ರಯೋಗಗಳಲ್ಲಿ ರೋಗಿಗೆ ಬರಿಯ ಪಾನಕ ಕೊಟ್ಟು ಕೂರಿಸುವುದಿಲ್ಲ. ಈಗಾಗಲೇ ಒಳ್ಳೆಯದೆಂದು ಸಿದ್ಧವಾದ ಚಿಕಿತ್ಸೆ ಇರುವಲ್ಲಿ ಅದನ್ನು ಒಂದು ಗುಂಪಿಗೆ, ಹೊಸದನ್ನು ಅಥವಾ ಹಳೆಯದರೊಡನೆ ಹೊಸದನ್ನು ಸೇರಿಸಿ ಇನ್ನೊಂದು ಗುಂಪಿಗೆ ಕೊಡುವುದು ವಾಡಿಕೆ. ಇದು ಮೂರನೆಯ ಹಂತ. ಅದಕ್ಕೂ ಮುನ್ನ ಮೊದಲ ಹಂತದಲ್ಲಿ ಕೆಲವೇ ಜನರಲ್ಲಿ ಎಷ್ಟು ಪ್ರಮಾಣ ತಾಳಿಕೊಳ್ಳಬಹುದೆಂದು, ಎರಡನೆಯದರಲ್ಲಿ ಗುಣ ಕಾಣುವುದೇ ಎಂದು ನೋಡಿರುತ್ತಾರೆ. ಮೊದಲ ಹಂತಕ್ಕೆ ಸೇರುವುದೂ ಮೂರನೆಯದಕ್ಕೆ ಸೇರುವುದೂ ಒಂದೇ ಅಲ್ಲ.

ಪ್ರಯೋಗಗಳು ಕೊಟ್ಟಿದ್ದೇನು ಎಂದರೆ ಥ್ಯಾಲಿಡೊಮೈಡ್ ಕತೆಯನ್ನೇ ಹೇಳಬೇಕು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಯ ಗುಳಿಗೆಯಾಗಿ ಮಾರುಕಟ್ಟೆಗೆ ಬಂದು, ಗರ್ಭಿಣಿಯರು ನುಂಗಿ, ಕೈಕಾಲು ಬೆಳೆಯದ ಸಾವಿರಾರು ಶಿಶುಗಳು ಹುಟ್ಟಿ, 1961ರಲ್ಲಿ ಹಿಂತೆಗೆಯಲ್ಪಟ್ಟ ಶಾಪಗ್ರಸ್ತ ಔಷಧ ಅದು. ಮೂರು ವರ್ಷಗಳ ಬಳಿಕ ಜೆರುಸಲೇಮಿನಲ್ಲಿ ಜೇಕಬ್ ಶೆಸ್ಕಿನ್ ಎಂಬ ವೈದ್ಯರು, ಕುಷ್ಠರೋಗದಲ್ಲಿ ಉಂಟಾಗುವ ಒಂದು ಯಾತನಾಮಯ ಬಾವಿಗೆ ಅದು ಉಪಶಮನ ಕೊಡುವುದನ್ನು ಕಂಡರು. 1990ರ ದಶಕದ ಕೊನೆಯಲ್ಲಿ, ನಾನಾ ಚಿಕಿತ್ಸೆ ಸೋತ ಮೈಲೋಮಾ ರೋಗಿಯೊಬ್ಬರಿಗೆ ಅಮೆರಿಕದ ಅರ್ಕಾನ್ಸಾಸಿನಲ್ಲಿ ಅದನ್ನು ಕೊಟ್ಟು ನೋಡಿದರು. ಆ ಮೊದಲ ರೋಗಿ ಉಳಿಯಲಿಲ್ಲ. ಅಲ್ಲಿಗೇ ಕೈಬಿಡದೆ 84 ಜನರಿಗೆ ಕೊಟ್ಟು ನೋಡಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಗುಣ ಕಂಡಿತು. 1999ರಲ್ಲಿ ಪ್ರಕಟವಾದ ಆ ವರದಿಯ ಮೊದಲ ಲೇಖಕಿ ಭಾರತೀಯ ಮೂಲದ ವೈದ್ಯೆ ಸೀಮಾ ಸಿಂಘಲ್. ಅದರ ಹಿಂದೆಯೇ ಬೋರ್ಟೆಜೊಮಿಬ್, ಲೆನಾಲಿಡೊಮೈಡ್ ಬಂದವು. ನಮ್ಮ ದೇಶದ ರೋಗಿಗಳಿಗೆ ಇಂದು ದೇಶೀಯ ತಯಾರಿಕೆಯ ರೂಪದಲ್ಲಿ, ಮೂಲ ಬೆಲೆಯ ಸಣ್ಣ ಅಂಶಕ್ಕೆ ಇವು ದೊರೆಯುತ್ತಿವೆ. ಮಣಿಪಾಲದಲ್ಲಿ ಇಂದು ಸೂಜಿ ಚುಚ್ಚಿಸಿಕೊಳ್ಳುತ್ತಿರುವ ನಮ್ಮ ಊರಿನ ರೋಗಿ, ಎಂದೂ ಕಾಣದ ಆ 84 ಜನರಿಗೆ ಋಣಿ.

ಹೊಸದೆಲ್ಲ ಒಳ್ಳೆಯದೆಂದು ಇಲ್ಲಿಂದ ತೀರ್ಮಾನಿಸುವಂತಿಲ್ಲ. ಬೇರೆ ಹಲವು ಕ್ಯಾನ್ಸರುಗಳಲ್ಲಿ ಹೆಸರು ಮಾಡಿದ ಪೆಂಬ್ರೊಲಿಜುಮಾಬ್ ಎಂಬ ಔಷಧವನ್ನು ಮೈಲೋಮಾ ಚಿಕಿತ್ಸೆಗೆ ಸೇರಿಸಿ ನೋಡಿದ ಪ್ರಯೋಗಗಳನ್ನು 2017ರ ಜುಲೈಯಲ್ಲಿ ಅಮೆರಿಕದ ಔಷಧ ನಿಯಂತ್ರಕರು ತಡೆದರು. ಹೊಸ ಔಷಧ ಪಡೆದ ಗುಂಪಿನಲ್ಲಿಯೇ ಹೆಚ್ಚು ಸಾವುಗಳಾಗಿದ್ದವು. ಮಧ್ಯದಲ್ಲಿ ಲೆಕ್ಕ ನೋಡುವ ಸ್ವತಂತ್ರ ಸಮಿತಿ ಇದ್ದುದರಿಂದ ಅದು ಬೇಗನೆ ತಿಳಿಯಿತು. ಯುರೆಥೇನ್ ಕಾಲದಲ್ಲಿ ಅಂಥ ಸಮಿತಿ ಇರಲಿಲ್ಲ.

ಧರ್ಮಸಭೆಯ ನಿಲುವಿನ ಬಗ್ಗೆ ಎರಡು ಮಾತು. ಜಗದ್ಗುರು ಹನ್ನೆರಡನೆಯ ಪಿಯೂಸರು 1952ರ ಸೆಪ್ಟೆಂಬರಿನಲ್ಲಿ ವೈದ್ಯಕೀಯ ಸಂಶೋಧಕರನ್ನುದ್ದೇಶಿಸಿ ಮಾತನಾಡುತ್ತ, ವಿಜ್ಞಾನದ ಹಿತವಾಗಲಿ ಸಮಾಜದ ಹಿತವಾಗಲಿ ವ್ಯಕ್ತಿಯ ಮೇಲೆ ಪರಮಾಧಿಕಾರ ಹೊಂದಿಲ್ಲವೆಂದು ಸ್ಪಷ್ಟಪಡಿಸಿದರು. ಕೈ ದೇಹದ ಅಂಗವಾಗಿರುವಂತೆ ಮನುಷ್ಯ ಸಮಾಜದ ಅಂಗವಲ್ಲ. ಇಡೀ ದೇಹಕ್ಕಾಗಿ ಕೈಯನ್ನು ಕತ್ತರಿಸಬಹುದು, ಸಮಾಜಕ್ಕಾಗಿ ಒಬ್ಬ ರೋಗಿಯನ್ನು ಬಲಿಗೊಡಲಾಗದು. ಗುರುಮಠದಲ್ಲಿ ಕಾಂಟನನ್ನು ಓದಿದವರಿಗೆ ಇದು ಪರಿಚಿತ ದನಿ. 1980ರ ಮೇ ತಿಂಗಳಲ್ಲಿ ವ್ಯಾಟಿಕನ್ ಹೊರಡಿಸಿದ ದಯಾಮರಣದ ಕುರಿತ ಘೋಷಣೆಯಲ್ಲಿ ಇನ್ನೊಂದು ಮಗ್ಗುಲಿದೆ: ಬೇರೆ ಸಾಕಷ್ಟು ಉಪಾಯವಿಲ್ಲದಾಗ, ರೋಗಿಯ ಒಪ್ಪಿಗೆಯೊಡನೆ, ಇನ್ನೂ ಪ್ರಯೋಗದ ಹಂತದಲ್ಲಿರುವ, ಅಪಾಯವಿಲ್ಲದೆ ಇಲ್ಲದ ಚಿಕಿತ್ಸೆಗೂ ಮೊರೆಹೋಗಬಹುದು, ಅದು ಮಾನವಕುಲಕ್ಕೆ ತೋರುವ ಔದಾರ್ಯವೂ ಆಗಬಹುದು. ಫಲ ಸಾಲದೆನಿಸಿದರೆ ಅಂಥ ಚಿಕಿತ್ಸೆಯನ್ನು ನಿಲ್ಲಿಸಲೂಬಹುದು. ಆದುದರಿಂದ ಪ್ರಯೋಗಕ್ಕೆ ಸೇರುವುದು ಪಾಪವಲ್ಲ, ಸೇರದಿರುವುದೂ ಪಾಪವಲ್ಲ.

ಒಪ್ಪಿಗೆ ಯಾರದು?

ಜನರ ಅಪನಂಬಿಕೆಗೆ ಕಾರಣಗಳಿವೆ. 2009ರಲ್ಲಿ ಅಂದಿನ ಆಂಧ್ರಪ್ರದೇಶ ಮತ್ತು ಗುಜರಾತಿನಲ್ಲಿ ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿದ ಯೋಜನೆಯಲ್ಲಿ, ತಂದೆತಾಯಿಯರ ಬದಲು ಹಾಸ್ಟೆಲ್ ವಾರ್ಡನ್ನರು ಅನೇಕ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ಬೆಳಕಿಗೆ ಬಂತು. 2010ರಲ್ಲಿ ಯೋಜನೆ ನಿಂತಿತು. ಔಷಧ ಪ್ರಯೋಗಗಳ ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು, 2013ರಿಂದ ನಿಯಮಗಳು ಬಿಗಿಯಾದವು. ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳು. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಣೆ ಕೊಡಬೇಕು. ಓದಲು ಬಾರದವರಾದರೆ ಆಸ್ಪತ್ರೆಗೆ ಸಂಬಂಧಪಡದ ಸಾಕ್ಷಿ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು. ಪ್ರತಿ ಪ್ರಯೋಗವನ್ನು ಪರಿಶೀಲಿಸುವ ನೈತಿಕ ಸಮಿತಿಯಲ್ಲಿ ವೈದ್ಯರಷ್ಟೇ ಇರುವಂತಿಲ್ಲ. ಕಾನೂನು ಬಲ್ಲವರು, ಸಾಮಾನ್ಯ ನಾಗರಿಕರು ಬೇಕು. ಸಮಾಜವಿಜ್ಞಾನಿ, ತತ್ವಜ್ಞಾನಿ, ದೇವಶಾಸ್ತ್ರಜ್ಞ ಮೊದಲಾದವರಲ್ಲಿ ಒಬ್ಬರಾದರೂ ಬೇಕು. ತತ್ವಶಾಸ್ತ್ರ ಓದಿದವರಿಗೆ ಸರಕಾರ ಕೆಲಸ ಕೊಡುವ ಸಂದರ್ಭಗಳು ವಿರಳ, ಇದೊಂದು.

ನಿಯಮ ಎಷ್ಟಿದ್ದರೇನು, ನಮ್ಮ ಮನೆಗಳಲ್ಲಿ ಒಂದು ದೊಡ್ಡ ಅಡ್ಡಿ ಇದೆ. "ಫಾದರ್, ಅಪ್ಪನಿಗೆ ಏನೆಂದು ಹೇಳಿಲ್ಲ, ನೀವೂ ಹೇಳಬೇಡಿ" ಎಂದು ಮಕ್ಕಳು ಬಾಗಿಲ ಹೊರಗೇ ನಮ್ಮನ್ನು ನಿಲ್ಲಿಸಿ ಕಿವಿಯಲ್ಲಿ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಒಳಗೆ ಮಲಗಿರುವ ಅಪ್ಪ, ಎಲ್ಲವನ್ನೂ ಅರ್ಧಕ್ಕರ್ಧ ಊಹಿಸಿಕೊಂಡು, ಮಕ್ಕಳಿಗೆ ದುಃಖವಾಗದಿರಲೆಂದು ಸುಮ್ಮನಿರುತ್ತಾರೆ. ಎರಡೂ ಕಡೆಯವರು ಪರಸ್ಪರ ಕಾಪಾಡುವ ಭರದಲ್ಲಿ ಮಾತೇ ನಿಂತುಹೋಗುತ್ತದೆ. ರೋಗದ ಹೆಸರೇ ಗೊತ್ತಿಲ್ಲದ ಮನುಷ್ಯ ಪ್ರಯೋಗಕ್ಕೆ ಒಪ್ಪಿದರೆ ಅದು ಒಪ್ಪಿಗೆಯಾಗದು. ದುಬೈಯಿಂದ ಫೋನಿನಲ್ಲಿ ಮಗ "ಆಯಿತು, ಮಾಡಿ" ಎಂದರೂ ಆಗದು. "ನೀವು ಹೇಳಿದ ಹಾಗೆ ಡಾಕ್ಟ್ರೇ" ಎಂದು ಕೈಮುಗಿದರೂ ಆಗದು, ವೈದ್ಯರು ಎಷ್ಟೇ ಒಳ್ಳೆಯವರಿರಲಿ. ಚಿಕಿತ್ಸೆಯಲ್ಲಿ ವೈದ್ಯರ ಗುರಿ ಈ ಒಬ್ಬ ರೋಗಿ. ಪ್ರಯೋಗದಲ್ಲಿ ಅದರ ಜೊತೆಗೆ ಮುಂದಿನ ರೋಗಿಗಳಿಗಾಗಿ ತಿಳಿಯಬೇಕಾದ ಸತ್ಯವೂ ಒಂದು ಗುರಿ. ಈ ಎರಡನೆಯದನ್ನು ಅರಿತು ಹೂಂ ಎನ್ನುವ ಅಥವಾ ಉಹೂಂ ಎನ್ನುವ ಅಧಿಕಾರ ಹಾಸಿಗೆಯಲ್ಲಿರುವವರದು. ಸತ್ಯವನ್ನು ಒಂದೇ ಸಲ ತಲೆಯ ಮೇಲೆ ಹೊರಿಸಬೇಕೆಂದಿಲ್ಲ. ಅವರು ಕೇಳಿದಷ್ಟನ್ನು, ಕೇಳಿದಾಗ, ಸುಳ್ಳಿಲ್ಲದೆ ಹೇಳಿದರೆ ಸಾಕು. ನಮ್ಮ ಅನುಭವದಲ್ಲಿ ಹಿರಿಯರು ಮಕ್ಕಳು ಎಣಿಸಿದ್ದಕ್ಕಿಂತ ಗಟ್ಟಿಗರು.

ದೂರದ ಮಾತನ್ನು ಆಡದಿದ್ದರೆ ಭಟ್ಕಳ, ಹೊನ್ನಾವರ, ಕುಮಟಾದ ಓದುಗರಿಗೆ ಈ ಬರಹ ಅಪೂರ್ಣ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಾಗ ಆ ಕೂಗು ಜೋರಾಯಿತು. ಪ್ರಯೋಗಕ್ಕೆ ಸೇರಿದವರು ವಾರವಾರ, ಕೆಲವೊಮ್ಮೆ ವಾರಕ್ಕೆ ಎರಡು ಸಲ ರಕ್ತ ಕೊಡಲು ಹೋಗಬೇಕಾಗುತ್ತದೆ. ಮಣಿಪಾಲವೆಂದರೆ ಕುಮಟಾದವರಿಗೆ ಹೋಗಿಬರಲು ಇಡೀ ದಿನ; ಬೆಂಗಳೂರಾದರೆ ರಾತ್ರಿ ರೈಲು, ಜೊತೆಗೊಬ್ಬರು, ಅಲ್ಲಿ ತಂಗಲು ಒಂದು ನೆಲೆ. ಅಪರೂಪದ ರೋಗಗಳ ಪ್ರಯೋಗಗಳು ನಡೆಯುವುದು ಮಹಾನಗರಗಳಲ್ಲಿಯೇ. ಹೀಗಾಗಿ ಔಷಧ ಉಚಿತವಾದರೂ ಬಡವನಿಗೆ ದಾರಿ ಉಚಿತವಲ್ಲ. ನಮಗೆ ಇದು ನ್ಯಾಯದ ಪ್ರಶ್ನೆಯಾಗಿಯೇ ತೋರುತ್ತದೆ.

ಇತ್ತೀಚಿನ ಸುದ್ದಿಯೂ ಮಹಾನಗರದ್ದೇ. ರೋಗಿಯದೇ ರಕ್ತದಿಂದ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಗೆ, ಮೈಲೋಮಾದ ಸಲುವಾಗಿ ಅಮೆರಿಕದಲ್ಲಿ 2021ರಲ್ಲಿಯೂ 2022ರಲ್ಲಿಯೂ ಒಂದೊಂದು ಬಗೆಗೆ ಮಂಜೂರಾತಿ ಸಿಕ್ಕಿತು. ನಮ್ಮಲ್ಲಿ ಐಐಟಿ ಬೊಂಬಾಯಿ ಮತ್ತು ಟಾಟಾ ಸ್ಮಾರಕ ಕೇಂದ್ರದವರು ರೂಪಿಸಿದ ನೆಕ್ಸ್‌ಕಾರ್19 ಚಿಕಿತ್ಸೆ 2023ರ ಅಕ್ಟೋಬರಿನಲ್ಲಿ ಮಂಜೂರಾಯಿತು. ಬೆಂಗಳೂರಿನ ಇಮ್ಯೂನಿಲ್ ಸಂಸ್ಥೆಯ ಚಿಕಿತ್ಸೆ 2025ರ ಜನವರಿಯಲ್ಲಿ ಬಂತು. ಇವೆರಡೂ ಬೇರೆ ರಕ್ತ ಕ್ಯಾನ್ಸರುಗಳಿಗಾಗಿ ಮಂಜೂರಾದವು, ಮೈಲೋಮಾಕ್ಕಲ್ಲ. ಪತ್ರಿಕೆಯಲ್ಲಿ ತಲೆಬರಹ ಓದಿ ಮನೆಮಾರಲು ಹೊರಡುವ ಮುನ್ನ ಈ ವ್ಯತ್ಯಾಸವನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಯಾರಾದರೂ ಪ್ರಯೋಗದ ಹೆಸರು ಹೇಳಿದರೆ ಮೊದಲು ಅದರ ನೋಂದಣಿ ಸಂಖ್ಯೆ ಕೇಳಿರಿ. ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪುಸ್ತಕ, ಅಂದರೆ ಸಿಟಿಆರ್‌ಐ, 2007ರಿಂದ ಇದೆ. 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಮೊಬೈಲಿನಲ್ಲಿ ಯಾರೂ ನೋಡಬಹುದು. ಔಷಧಕ್ಕೆ ಹಣ ಕೇಳಿದರೆ ಎಚ್ಚರ. ಎಷ್ಟನೆಯ ಹಂತ, ಸೇರದಿದ್ದರೆ ಯಾವ ಚಿಕಿತ್ಸೆ ದೊರೆಯುತ್ತದೆ, ಪ್ರಯೋಗ ಮುಗಿದ ಮೇಲೆ ಔಷಧ ಮುಂದುವರಿಯುತ್ತದೆಯೇ, ರಾತ್ರಿ ಜ್ವರ ಬಂದರೆ ಊರಿನಿಂದ ಯಾರಿಗೆ ಫೋನು ಮಾಡಬೇಕು ಎಂದು ಕೇಳಿರಿ. ಒಪ್ಪಿಗೆ ಪತ್ರವನ್ನು ಮನೆಗೆ ತಂದು ಎರಡು ದಿನ ಇಟ್ಟುಕೊಂಡು ಓದಿರಿ. ಅದರ ಪ್ರತಿ ರೋಗಿಯ ಹಕ್ಕು. ಸಹಿ ಹಾಕಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಹೇಳದೆ, ಹೊರಬರಬಹುದು. ಆ ಕಾರಣಕ್ಕೆ ಆಸ್ಪತ್ರೆ ಸಾಮಾನ್ಯ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಪ್ರಯಾಣದ ಖರ್ಚನ್ನು ಪ್ರಯೋಗ ನಡೆಸುವವರು ಕೊಡುತ್ತಾರೆಯೇ ಎಂದು ಕೇಳಲು ನಾಚಬೇಡಿರಿ. ಕೊಡುವುದಿಲ್ಲವೆಂದಾದರೆ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿರಿ. ರೈಲಿನ ಟಿಕೇಟು, ಜೊತೆಗೆ ಹೋಗಲು ಒಬ್ಬ ಯುವಕ, ಇಷ್ಟನ್ನು ಒದಗಿಸುವುದು ಯಾವ ವಾಳೆಗೂ ಕಷ್ಟವಲ್ಲ.