ಕಾಣದ ಕಾವಲುಗಾರ

1757ರಲ್ಲಿ ಪ್ಯಾರಿಸ್ಸಿನಲ್ಲಿ, ದೊರೆಗೆ ಚಾಕು ಹಾಕಿದ ದಾಮಿಯಾಂ ಎಂಬಾತನನ್ನು ಜನಜಂಗುಳಿಯೆದುರೇ ಚಿತ್ರಹಿಂಸೆ ಕೊಟ್ಟು ಕೊಂದರು. ಮುಂದಿನ ಶತಮಾನದಲ್ಲಿ ಅಂಥ ಶಿಕ್ಷೆಯ ಜಾಗಕ್ಕೆ ಸೆರೆಮನೆ ಬಂತು. ಇದು ಕರುಣೆಯ ಗೆಲುವೇ? ಅಲ್ಲವೆಂದು ಫ್ರೆಂಚ್ ಚಿಂತಕ ಮಿಷೆಲ್ ಫೂಕೊ 1975ರ ತನ್ನ ಗ್ರಂಥದಲ್ಲಿ ವಾದಿಸಿದ. ಅವನ ಪ್ರಕಾರ ಅಧಿಕಾರ ಮೆದುವಾಗಲಿಲ್ಲ. ದೇಹವನ್ನು ಸೀಳುವ ಬದಲು ಪಳಗಿಸತೊಡಗಿತು.

ಅವನು ಕೊಟ್ಟ ನಿದರ್ಶನ, ಇಂಗ್ಲೆಂಡಿನ ಜೆರೆಮಿ ಬೆಂಥಾಮ್ 1791ರಲ್ಲಿ ಪ್ರಕಟಿಸಿದ ಸೆರೆಮನೆಯ ಯೋಜನೆ. ಸುತ್ತಲೂ ಕೋಣೆಗಳು, ನಡುವೆ ಗೋಪುರ. ಕಾವಲುಗಾರನಿಗೆ ಕೈದಿ ಕಾಣುತ್ತಾನೆ. ಕೈದಿಗೆ ಕಾವಲುಗಾರ ಕಾಣುವುದಿಲ್ಲ. ನೋಡುತ್ತಿರಬಹುದೆಂಬ ಅಳುಕಿನಲ್ಲಿ ಕೈದಿ ತನ್ನನ್ನು ತಾನೇ ಕಾಯುತ್ತಾನೆ. ಶಾಲೆ, ಕಾರ್ಖಾನೆ, ಆಸ್ಪತ್ರೆಗಳಲ್ಲೂ ಫೂಕೊ ಇದೇ ತಂತ್ರವನ್ನು ಕಂಡ.

ಬಿಡುಗಡೆಯ ದಾರಿ? 1971ರಲ್ಲೇ ಅವನು ಸಂಗಡಿಗರೊಡನೆ ಗುಂಪು ಕಟ್ಟಿ, ಕೈದಿಗಳ ಪಾಡನ್ನು ಅವರ ಮಾತಿನಲ್ಲೇ ಹೊರಜಗತ್ತಿಗೆ ಮುಟ್ಟಿಸಲು ದುಡಿದಿದ್ದ. ಗೋಪುರದ ಬಲವಿರುವುದು ಕೋಣೆಗಳ ಮೌನದಲ್ಲಿ.