ಕೆರೆಯುವ ಮೊದಲು ಪರೀಕ್ಷೆ: ಮನೆಯಲ್ಲೇ ಮರಸಾಮಾನುಗಳ ದುರಸ್ತಿ

ತೇಗ, ಬೀಟೆ, ಹಲಸಿನ ಮರದಿಂದ ಮಾಡಿದ ಹಳೆಯ ಕುರ್ಚಿ, ಮೇಜು, ಕಪಾಟುಗಳು ಮಂಕಾದಾಗ ಅವುಗಳ ಲೇಪವನ್ನೆಲ್ಲ ಕೆರೆದು ಹೊಸ ವಾರ್ನಿಶ್ ಬಳಿಯುವುದೇ ದಾರಿಯೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಎಷ್ಟೋ ಸಲ ಮರ ಗಟ್ಟಿಯಾಗಿಯೇ ಇದ್ದು ಮೇಲಿನ ತೆಳುಲೇಪ ಮಾತ್ರ ಸವೆದಿರುತ್ತದೆ. ಆ ಲೇಪ ಯಾವುದೆಂದು ಮೊದಲೇ ತಿಳಿದರೆ ಅರ್ಧ ಶ್ರಮ ಉಳಿಯುತ್ತದೆ.

ಇದಕ್ಕೊಂದು ಸರಳ ಪರೀಕ್ಷೆಯಿದೆ. ಮೇಜಿನ ಕಾಲಿನ ಒಳಬದಿಯಂಥ ಕಣ್ಣಿಗೆ ಬೀಳದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಅರೆ ನಿಮಿಷ ಒತ್ತಿ ಹಿಡಿದಾಗ ಲೇಪ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ತಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಾಲಿಯುರಿಥೇನ್‌ನಂಥ ಗಟ್ಟಿ ಲೇಪ. ಮುತ್ತುಗ, ಎಲಚಿ ಮೊದಲಾದ ಮರಗಳ ಎಳೆಗೊಂಬೆಗಳ ಮೇಲೆ ಅರಗಿನ ಕೀಟ ಸ್ರವಿಸುವ ರಾಳವನ್ನು ಶುದ್ಧಮಾಡಿದಾಗ ದೊರೆಯುವ ಶೆಲ್ಯಾಕ್ ಚೂರುಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದೇ ಅರಗಿನ ಪಾಲಿಶ್. ಚನ್ನಪಟ್ಟಣದ ಗೊಂಬೆಗಳ ಹೊಳಪಿಗೂ ಅರಗೇ ಮೂಲವಾದರೂ, ಅಲ್ಲಿ ಅದು ಕಡಚಲು ಯಂತ್ರದಲ್ಲಿ ತಿರುಗುವ ಮರಕ್ಕೆ ಉಜ್ಜಿದಾಗ ಹುಟ್ಟುವ ಬಿಸಿಗೆ ಕರಗಿ ಅಂಟುತ್ತದೆ. ಹೊಸ ಅರಗು ಹಳೆಯದನ್ನು ಕರಗಿಸಿಕೊಂಡು ಅದರೊಡನೆ ಒಂದಾಗುವುದರಿಂದ ಅರಗಿನ ಪಾಲಿಶ್ ಇರುವ ಸಾಮಾನನ್ನು ಕೆರೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಲೇಪಕ್ಕೆ ಕೈಹಾಕುವ ಮೊದಲು ಸಡಿಲಾದ ಸಂದುಗಳನ್ನು ಬಿಗಿಗೊಳಿಸಬೇಕು. ಅಲುಗಾಡುವ ಕುರ್ಚಿಗೆ ಮೊಳೆ ಹೊಡೆಯುವುದು ಸುಲಭವೆನಿಸಿದರೂ, ಮಳೆಗಾಲದಲ್ಲಿ ತೇವ ಹೀರಿ ಎಳೆಗಳಿಗೆ ಅಡ್ಡಲಾಗಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ಮರ ಮೊಳೆಯ ಹಿಡಿತದಲ್ಲಿ ಸೀಳುವ ಸಂಭವ ಹೆಚ್ಚು. ಸಂದನ್ನು ಬಿಚ್ಚಿ, ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತಯಾರಾದ ಸರೇಸೆಂಬ ಹಳೆಯ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ಮೆತ್ತಗಾಗಿಸಿ ತೆಗೆದು, ಮರ ಪೂರ್ತಿ ಒಣಗಿದ ಮೇಲೆ ಫೆವಿಕಾಲ್‌ನಂಥ ಬಿಳಿ ಅಂಟು ಹಚ್ಚಿ, ಸುತ್ತ ಹಗ್ಗ ಬಿಗಿದು ಅದರಲ್ಲಿ ಕೋಲು ತೂರಿಸಿ ತಿರುಚಿ 24 ಗಂಟೆ ಬಿಡಬೇಕು. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸದಿದ್ದರೆ ಅಲ್ಲಿ ಪಾಲಿಶ್ ಹಿಡಿಯುವುದಿಲ್ಲ.

ಕಲೆಗಳ ಬಣ್ಣವೂ ಒಂದು ಸೂಚನೆ. ಲೋಟದಡಿಯ ಬಿಳಿ ಉಂಗುರವೆಂದರೆ ತೇವ ಪಾಲಿಶ್‌ನಲ್ಲೇ ಸಿಕ್ಕಿಕೊಂಡಿದೆ ಎಂದರ್ಥ; ಅರಗಿನ ಪಾಲಿಶ್ ಆಗಿದ್ದರೆ ಸ್ಪಿರಿಟ್ ಸೋಕಿಸಿ ಹಿಂಡಿದ ಬಟ್ಟೆಯನ್ನು ಹಗುರವಾಗಿ ಆಡಿಸಿದಾಗ ಅದು ಬಹುಮಟ್ಟಿಗೆ ಮಾಯವಾಗುತ್ತದೆ. ಕಪ್ಪು ಕಲೆಯಾದರೆ ನೀರು ಮರಕ್ಕೇ ಇಳಿದು, ಅಲ್ಲಿನ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದೊಡನೆ ಸೇರಿದೆ. ಅದನ್ನು ತೆಗೆಯಲು ಆ ಭಾಗದ ಲೇಪ ಬಿಡಿಸಿ ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ ನೀರಿನಿಂದ ಚೆನ್ನಾಗಿ ಒರೆಸಬೇಕು. ಈ ಆಮ್ಲ ವಿಷವಾದ್ದರಿಂದ ಕೈಗವಸು ಕಡ್ಡಾಯ.

ಪಾಲಿಶ್‌ಗೆ ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಶೆಲ್ಯಾಕ್ ಸೇರಿಸಿ, ಗಾಜಿನ ಪಾತ್ರೆಯಲ್ಲಿ ರಾತ್ರಿಯಿಡೀ ಕರಗಲು ಬಿಟ್ಟು ಸೋಸಬೇಕು. ಕಬ್ಬಿಣದ ಪಾತ್ರೆ ಅದನ್ನು ಕಪ್ಪಾಗಿಸುತ್ತದೆ. ಮೇಲ್ಮೈಯನ್ನು 220 ನಂಬರಿನ ಉಪ್ಪುಕಾಗದದಿಂದ ಮರದ ಎಳೆಯ ಗುಂಟ ಮಾತ್ರ ಹಗುರವಾಗಿ ಉಜ್ಜಿ, ದೂಳು ಒರೆಸಿ, ಹತ್ತಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ತೆಳುವಾಗಿ ಹಲವು ಪದರ ಹಚ್ಚಬೇಕು. ಉಂಡೆಯನ್ನು ಮರದ ಮೇಲೆ ಎಲ್ಲೂ ನಿಲ್ಲಿಸಬಾರದು. ನಿಲ್ಲಿಸಿದಲ್ಲಿ ಅದು ಅಂಟಿಕೊಂಡು ಕೆಳಗಿನ ಪದರವನ್ನೇ ಕಿತ್ತುಕೊಂಡು ಬರುತ್ತದೆ. ತೇವ ತುಂಬಿದ ಹವೆಯಲ್ಲಿ ಪಾಲಿಶ್ ಬೆಳ್ಳಗೆ ಮಸುಕಾಗುವುದರಿಂದ ಕರಾವಳಿ, ಮಲೆನಾಡುಗಳಲ್ಲಿ ಈ ಕೆಲಸಕ್ಕೆ ಸಂಕ್ರಾಂತಿಯ ಆಚೀಚಿನ ಒಣದಿನಗಳು ಸೂಕ್ತ. ಬಿಸಿ ಪಾತ್ರೆಗೆ ಅರಗು ಮೆತ್ತಗಾಗುವುದರಿಂದ ಊಟದ ಮೇಜಿಗೆ ಪಾಲಿಯುರಿಥೇನ್ ಲೇಪವೇ ವಾಸಿ.

ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದರಿಂದ ಕಿಟಕಿ ತೆರೆದು, ಒಲೆಯಿಂದ ದೂರದಲ್ಲಿ ಕೆಲಸ ಮಾಡಬೇಕು. ಮರಕ್ಕೆ ಅಗಸೆ ಎಣ್ಣೆ ಹಚ್ಚಲು ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಎಣ್ಣೆ ಒಣಗುವಾಗ ಹುಟ್ಟುವ ಶಾಖದಿಂದ ಬಟ್ಟೆ ತಾನಾಗಿಯೇ ಉರಿಯಬಲ್ಲುದಾದ್ದರಿಂದ, ಅದನ್ನು ಹೊರಗೆ ಹರವಿ ಒಣಗಿಸಬೇಕು. ಕೆರೆದು ಕಳೆದ ಮರವನ್ನು ಮತ್ತೆ ತರಲಾಗದು. ಆದ್ದರಿಂದ ಲೇಪವನ್ನು ಪೂರ್ತಿ ತೆಗೆಯುವುದು ಎಲ್ಲ ಪ್ರಯತ್ನಗಳೂ ಸೋತ ಮೇಲಿನ ಕೊನೆಯ ಉಪಾಯವಾಗಿರಲಿ.