ಶಾಲೆಗೆ ಬೆಂಚು ಕೊಟ್ರೆ ಸಾಕಾ? ಸಿಎಸ್‌ಆರ್ ಬಗ್ಗೆ ಬೇಲೆಕೇರಿ, ಕೇಣಿಯವರು ತಿಳಿದಿರಬೇಕಾದ ಸಂಗತಿ

ಅಂಕೋಲಾ: 'ಕಂಪನಿ ಬಂದ್ರೆ ಊರಿಗೆ ಏನು ಕೊಡ್ತದೆ?' ನಮ್ಮ ಕರಾವಳಿಯಲ್ಲಿ ಯಾವ ದೊಡ್ಡ ಯೋಜನೆಯ ಸುದ್ದಿ ಬಂದರೂ ಮೊದಲು ಕೇಳಿಬರುವ ಪ್ರಶ್ನೆ ಇದು. ಶಾಲೆಗೆ ಬೆಂಚು, ಆಸ್ಪತ್ರೆಗೆ ಆಂಬುಲೆನ್ಸ್, ದೇವಸ್ಥಾನದ ಎದುರು ಹೈಮಾಸ್ಟ್ ದೀಪ ಅಂತ ಬೇಡಿಕೆಯ ಪಟ್ಟಿ ಬೆಳೆಯುತ್ತಾ ಹೋಗ್ತದೆ. 'ಸಿಎಸ್‌ಆರ್ ಫಂಡ್ ಇದ್ಯಲ್ಲ, ಕೊಡ್ಲಿ' ಅನ್ನೋ ಮಾತು ಚಹಾದಂಗಡಿಯಲ್ಲೂ ಕೇಳಿಸ್ತದೆ.

ಕೇಳೋದು ತಪ್ಪಲ್ಲ. ಆದರೆ ಇನ್ನೊಂದು ಪ್ರಶ್ನೆ ಯಾವಾಗಲೂ ಹಿಂದೆ ಉಳಿದುಬಿಡುತ್ತದೆ. ಆ ಕಂಪನಿ ದಿನಾ ಬೆಳಗಾದರೆ ಮಾಡುವ ಕೆಲಸ ಹೇಗಿರುತ್ತದೆ? ಲಾರಿ ಹೇಗೆ ಓಡುತ್ತದೆ, ಧೂಳು ಎಲ್ಲಿ ಹೋಗುತ್ತದೆ, ನೀರು ಎಲ್ಲಿಗೆ ಬಿಡುತ್ತಾರೆ, ತೂಕ ಸರಿಯಾಗಿ ಬರೆಯುತ್ತಾರಾ? ಈ ಪ್ರಶ್ನೆ ಕೇಳದೇ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ಬೇಲೆಕೇರಿಗಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ.

ಬೇಲೆಕೇರಿಯಲ್ಲಿ ತಪ್ಪಿದ್ದು ಎಲ್ಲಿ?

2006ರಿಂದ 2010ರ ನಡುವೆ ಬಳ್ಳಾರಿ, ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಬರುತ್ತಿತ್ತು. ಸಾಲುಗಟ್ಟಿ ನಿಲ್ಲುತ್ತಿದ್ದ ಲಾರಿ, ಕಿತ್ತುಹೋದ ರಸ್ತೆ, ಕೆಂಪು ಧೂಳು ನೆನಪಿರುವವರು ಇವತ್ತಿಗೂ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ.

2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಬಂದರಿನಲ್ಲಿದ್ದ ಅದಿರನ್ನು ಜಪ್ತಿ ಮಾಡಿತು. ಜಪ್ತಿಯಾದ ಮಾಲಿನಲ್ಲೇ ಲಕ್ಷಗಟ್ಟಲೆ ಟನ್ ಹಡಗೇರಿ ಹೋಯಿತು. ಅದೇ ವರ್ಷದ ಜೂನ್‌ನಲ್ಲಿ ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟಿದ್ದು (ಆಮೇಲೆ ಹಿಂತೆಗೆದುಕೊಂಡಿದ್ದು), ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿದ್ದು ಎಲ್ಲ ಈಗ ಇತಿಹಾಸ. 2011ರ ಜುಲೈನಲ್ಲಿ ಬಂದ ಲೋಕಾಯುಕ್ತ ವರದಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರ ಶಾಸಕ ಸತೀಶ ಸೈಲ್ ಸೇರಿದಂತೆ ಹಲವರಿಗೆ ಬೇಲೆಕೇರಿ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಕೋರ್ಟಿನ ವಿಚಾರ ಕೋರ್ಟಿಗೆ ಬಿಡೋಣ. ನಾವು ಗಮನಿಸಬೇಕಾದ್ದು ಬೇರೆ. ಪರ್ಮಿಟ್ ಇಲ್ಲದೆ ಸಾಗಣೆ, ಪರ್ಮಿಟ್‌ನಲ್ಲಿ ಬರೆದದ್ದಕ್ಕಿಂತ ಹೆಚ್ಚು ತೂಕ, ಲೆಕ್ಕಕ್ಕೆ ಸಿಗದ ರಾಶಿ: ಇವೆಲ್ಲ ದಿನದಿನದ ಕೆಲಸದೊಳಗಿನ ತಪ್ಪುಗಳು. ವೇಬ್ರಿಡ್ಜ್‌ನಲ್ಲಿ, ಗೇಟಿನ ರಿಜಿಸ್ಟರಿನಲ್ಲಿ, ಲಾರಿಗೆ ಹೊದೆಸುವ ತಾಡಪಾಲಿನಲ್ಲಿ, ರಸ್ತೆಗೆ ನೀರು ಹೊಡೆಯುವ ಟ್ಯಾಂಕರಿನಲ್ಲಿ ಇರಬೇಕಾದ ಜವಾಬ್ದಾರಿ ಅಲ್ಲಿ ಇರಲಿಲ್ಲ. ಆ ಕಾಲದಲ್ಲಿ ಯಾರಾದರೂ ಊರಿಗೆ ಹತ್ತು ಶಾಲೆ ಕಟ್ಟಿಸಿಕೊಟ್ಟಿದ್ದರೂ ಇದರಲ್ಲಿ ಒಂದೂ ಸರಿಯಾಗುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆ?

ಬೇಲೆಕೇರಿಯಲ್ಲಿ ಅದಿರು ಓಡಾಡುವಾಗ ಸಿಎಸ್‌ಆರ್ ಕಡ್ಡಾಯ ಇರಲಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಾಯ್ದೆಯಲ್ಲಿ ಇಟ್ಟ ಮಿತಿ ಹೀಗಿದೆ: ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ. ಇದರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು.

ಸರಳವಾಗಿ ಹೇಳೋದಾದ್ರೆ, ಸರಾಸರಿ ಲಾಭ 50 ಕೋಟಿ ಇದ್ದರೆ ಸಿಎಸ್‌ಆರ್ ಪಾಲು 1 ಕೋಟಿ. ಲಾಭದ ಪ್ರತಿ ನೂರು ರೂಪಾಯಿಯಲ್ಲಿ ಎರಡು ರೂಪಾಯಿ. ಆ ನೂರು ರೂಪಾಯಿ ಹೇಗೆ ಗಳಿಸಿದರು ಅನ್ನೋದು ಸಿಎಸ್‌ಆರ್ ಲೆಕ್ಕದಲ್ಲಿ ಎಲ್ಲೂ ಬರೋದಿಲ್ಲ.

ಸಿಎಸ್‌ಆರ್ ನಿಯಮಗಳಲ್ಲಿ ಮೂರು ಸಂಗತಿ ಜನ ತಿಳಿದಿರಲೇಬೇಕು.

ಒಂದು, ಕಂಪನಿಯ ದಿನನಿತ್ಯದ ವ್ಯವಹಾರದ ಭಾಗವಾಗಿರುವ ಕೆಲಸ ಸಿಎಸ್‌ಆರ್ ಆಗೋದಿಲ್ಲ.

ಎರಡು, ಬೇರೆ ಯಾವುದೋ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನೂ ಸಿಎಸ್‌ಆರ್ ಲೆಕ್ಕಕ್ಕೆ ಹಾಕುವ ಹಾಗಿಲ್ಲ. ಧೂಳು ಏಳದ ಹಾಗೆ ನೋಡಿಕೊಳ್ಳುವುದು, ಕೊಳಚೆ ನೀರು ಶುದ್ಧ ಮಾಡಿ ಬಿಡುವುದು ಮಾಲಿನ್ಯ ನಿಯಂತ್ರಣ ಕಾನೂನಿನ ಅಡಿ ಕಂಪನಿಯ ಕರ್ತವ್ಯ. ಅದು ಊರಿಗೆ ಮಾಡುವ ಉಪಕಾರ ಅಲ್ಲ ಮಾರಾಯ್ರೆ.

ಮೂರು, ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವವೂ ಸಿಎಸ್‌ಆರ್ ಅಲ್ಲ. ಕ್ರಿಕೆಟ್ ಟೂರ್ನಮೆಂಟಿಗೆ ಕಂಪನಿ ಹೆಸರಿನ ಟೀ ಶರ್ಟ್ ಕೊಟ್ಟರೆ ಅದು ಜಾಹೀರಾತು. ರಾಜಕೀಯ ಪಕ್ಷಕ್ಕೆ ಕೊಡುವ ದೇಣಿಗೆಯೂ ಇದರಲ್ಲಿ ಸೇರೋದಿಲ್ಲ.

ಕಾಯ್ದೆ ಇನ್ನೊಂದು ಮಾತು ಹೇಳಿದೆ: ಖರ್ಚು ಮಾಡುವಾಗ ಕಂಪನಿ ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ವರ್ಷದೊಳಗೆ ಖರ್ಚಾಗದ ಹಣವನ್ನು ಕಂಪನಿ ತನ್ನಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ. ನಡೆಯುತ್ತಿರುವ ಯೋಜನೆಯ ಹಣವಾದರೆ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮೂರು ವರ್ಷದಲ್ಲಿ ಮುಗಿಸಬೇಕು. ಇಲ್ಲದಿದ್ದರೆ ಆರು ತಿಂಗಳೊಳಗೆ ಕಾಯ್ದೆ ಸೂಚಿಸಿದ ಸರ್ಕಾರಿ ನಿಧಿಗೆ ಕಟ್ಟಬೇಕು.

'ಸ್ಥಳೀಯ' ಅಂದ್ರೆ ಎಲ್ಲಿವರೆಗೆ?

ಇಲ್ಲೇ ಬೇಲೆಕೇರಿಗೆ ಒಂದು ಪಾಠ ಇದೆ. ಗಣಿಯಿಂದ ಹಾಳಾದ ಪ್ರದೇಶದ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ಆದೇಶದಿಂದ ಸಾವಿರಾರು ಕೋಟಿ ರೂಪಾಯಿ ಕೂಡಿದೆ. ಅದನ್ನು ಖರ್ಚು ಮಾಡಲಿಕ್ಕೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೇ ಇದೆ. ಆದರೆ ಆ ಯೋಜನೆ ಗಣಿ ಇರುವ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ. ಅದಿರು ಓಡಾಡಿದ ಘಟ್ಟದ ರಸ್ತೆ, ಅದಿರು ರಾಶಿ ಬಿದ್ದ ಬಂದರು ಅದರಲ್ಲಿ ಇಲ್ಲ.

ಗಣಿ ಒಂದು ಕಡೆ, ಬಂದರು ಇನ್ನೊಂದು ಕಡೆ ಇರುವ ವ್ಯವಹಾರದಲ್ಲಿ ಮಾಲು ಹಾದುಹೋಗುವ ಊರು ಯಾರ ಲೆಕ್ಕಕ್ಕೂ ಸಿಗೋದಿಲ್ಲ. ಹೀಗಾಗಿ ಯಾವ ಯೋಜನೆ ಬಂದರೂ, ಸ್ಥಳೀಯ ಪ್ರದೇಶ ಅಂದರೆ ಯಾವ್ಯಾವ ಪಂಚಾಯಿತಿ, ಯಾವ ರಸ್ತೆ, ಯಾವ ಕಡಲತೀರ ಅಂತ ಮೊದಲೇ ಬರಹದಲ್ಲಿ ಕೇಳಬೇಕು.

ಈಗ ಯಾಕೆ ಈ ಮಾತು?

ಯಾಕಂದ್ರೆ ಬೇಲೆಕೇರಿ ಹತ್ತಿರದಲ್ಲೇ ಕೇಣಿ ಇದೆ. ಅಲ್ಲಿ ಹೊಸ ಬಂದರು ಕಟ್ಟುವ ಗುತ್ತಿಗೆ 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಸಿಕ್ಕಿತು. ಆಗ ಹೇಳಿದ ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಆರಂಭದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಮೀನುಗಾರರು ಇದನ್ನು ವಿರೋಧಿಸಿ ಹೋರಾಟಕ್ಕಿಳಿದಿದ್ದಾರೆ. 2025ರ ಆಗಸ್ಟ್‌ನಲ್ಲಿ ಅಂಕೋಲಾದಲ್ಲಿ ಪರಿಸರ ಕುರಿತ ಸಾರ್ವಜನಿಕ ಅಹವಾಲು ಸಭೆಯೂ ನಡೆಯಿತು.

ಬಂದರು ಬೇಕೋ ಬೇಡವೋ ಅನ್ನೋದು ಊರು ನಿರ್ಧರಿಸಬೇಕಾದ ವಿಷಯ. ಬೇಡ ಅನ್ನುವವರಿಗೂ, ಬರಲಿ ಅನ್ನುವವರಿಗೂ ಕೆಳಗಿನ ಮಾಹಿತಿ ಉಪಯೋಗಕ್ಕೆ ಬರುತ್ತದೆ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅಹವಾಲು ಸಭೆಯಲ್ಲಿ ಜನ ಹೇಳಿದ್ದನ್ನೆಲ್ಲ ದಾಖಲಿಸಬೇಕು. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಯೋಜನಾ ವೆಚ್ಚದ ಇಷ್ಟು ಪಾಲನ್ನು ಊರಿನ ಪರಿಸರ ಕೆಲಸಕ್ಕೆ ಇಡಬೇಕು ಅಂತ ಶೇಕಡಾವಾರು ನಿಗದಿ ಮಾಡಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಆ ಪದ್ಧತಿ ಬದಲಾಯಿತು. ಈಗ ಅಹವಾಲು ಸಭೆಯಲ್ಲಿ ಕಂಪನಿ ಒಪ್ಪಿಕೊಂಡ ಕೆಲಸಗಳು ಪರಿಸರ ನಿರ್ವಹಣಾ ಯೋಜನೆಯೊಳಗೆ ಹಣದ ಸಮೇತ ಸೇರಬೇಕು.

ಇದರ ಅರ್ಥ ಏನು? ವೇದಿಕೆ ಮೇಲೆ 'ನೋಡೋಣ, ಮಾಡೋಣ' ಅಂದರೆ ಅದಕ್ಕೆ ಬೆಲೆ ಇಲ್ಲ. ನಡಾವಳಿಯಲ್ಲಿ ಬರೆದು, ಯೋಜನೆಯಲ್ಲಿ ಸೇರಿ, ಅನುಮತಿ ಪತ್ರದ ಷರತ್ತಾದರೆ ಆಗ ಅದು ಕಂಪನಿಯನ್ನು ಕಟ್ಟಿಹಾಕುತ್ತದೆ. ಅನುಮತಿ ಸಿಕ್ಕ ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಬಹುದು.

ಇನ್ನೊಂದು ದಾಖಲೆಯೂ ಇದೆ. ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಸೆಬಿ ನಿಯಮದಂತೆ ಪ್ರತಿ ವರ್ಷ ಹೊಣೆಗಾರಿಕೆ ವರದಿಯೊಂದನ್ನು ಪ್ರಕಟಿಸಬೇಕು. ಎಷ್ಟು ನೀರು ಬಳಸಿದರು, ಎಷ್ಟು ಕಸ ಬಂತು, ಎಷ್ಟು ಅಪಘಾತ ಆಯಿತು, ಊರವರ ದೂರು ಎಷ್ಟು ಬಂತು, ಎಷ್ಟು ಬಗೆಹರಿಯಿತು ಅಂತ ಅದರಲ್ಲಿ ಬರೆಯಬೇಕು. ಸಿಎಸ್‌ಆರ್ ವರದಿ ಕಂಪನಿ ಕೊಟ್ಟಿದ್ದನ್ನು ಹೇಳಿದರೆ, ಈ ವರದಿ ಕಂಪನಿ ನಡೆದುಕೊಂಡಿದ್ದನ್ನು ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಮೀನುಗಾರರಿಗೆ ಇದು ಹೊಸ ಪಾಠವಲ್ಲ

ವ್ಯವಹಾರದೊಳಗೇ ಜವಾಬ್ದಾರಿ ಇಟ್ಟುಕೊಳ್ಳೋದು ಹೇಗೆ ಅಂತ ದೊಡ್ಡ ಪುಸ್ತಕ ಓದಬೇಕಾಗಿಲ್ಲ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಅದು. ಎರಡು ತಿಂಗಳ ದುಡಿಮೆ ನಿಲ್ಲಿಸಿದರೆ ಮನೆಗೆ ಕಷ್ಟವೇ. ಆದರೆ ಆಗಸ್ಟ್‌ನಲ್ಲಿ ಬಲೆ ಹಾಕಿದಾಗ ಮೀನು ಸಿಗಬೇಕಾದರೆ ಈ ರಜೆ ಬೇಕು. ಲಾಭ ಬಂದ ಮೇಲೆ ಕಡಲಿಗೆ ಒಂದಿಷ್ಟು ದಾನ ಮಾಡುತ್ತೇವೆ ಅಂದರೆ ಮೀನು ಹುಟ್ಟೋದಿಲ್ಲ. ಬಲೆ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಅನ್ನೋದರಲ್ಲೇ ಎಲ್ಲ ಇದೆ.

ಅದೇ ರೀತಿ ಬುಲ್ ಟ್ರಾಲಿಂಗ್, ಬೆಳಕು ಬಿಟ್ಟು ಮೀನು ಹಿಡಿಯೋದು ನಿಷೇಧ ಇದೆ. ಅದನ್ನು ಮುರಿಯುವವರು ಯಾರೇ ಇದ್ದರೂ, ಕಂಪನಿಗೆ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೇಳಬೇಕಾಗುತ್ತದೆ.

ಸಣ್ಣ ವ್ಯಾಪಾರಿಗೆ ಸಿಎಸ್‌ಆರ್ ಕಾನೂನು ಅನ್ವಯಿಸೋದಿಲ್ಲ. ಆದರೆ ದಿನದ ಕೆಲಸದಲ್ಲಿ ಮಾಡಬಹುದಾದ್ದು ಬಹಳ ಇದೆ, ಅದರಲ್ಲಿ ಹೆಚ್ಚಿನದು ಖರ್ಚು ಉಳಿಸುವಂಥದ್ದು. ಒಡೆದು ಬಿಸಾಡುವ ಥರ್ಮಾಕೋಲ್ ಪೆಟ್ಟಿಗೆಯ ಬದಲು ತೊಳೆದು ಮತ್ತೆ ಬಳಸುವ ದಪ್ಪ ಪ್ಲಾಸ್ಟಿಕ್ ಪೆಟ್ಟಿಗೆ ಇಡಬಹುದು. ಎಂಜಿನ್ನಿನ ಹಳೇ ಆಯಿಲ್ ನೀರಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿಟ್ಟು, ಅನುಮತಿ ಇರುವ ಖರೀದಿದಾರರಿಗೆ ಕೊಡಬಹುದು. ಹರಿದ ಬಲೆ ಕಡಲಲ್ಲೇ ಬಿಟ್ಟರೆ ಅದು ಯಾರಿಗೂ ಉಪಯೋಗ ಇಲ್ಲದ ಮೀನನ್ನು ಕೊಲ್ಲುತ್ತಲೇ ಇರುತ್ತದೆ. ದಡಕ್ಕೆ ತಂದರೆ ಆ ನಷ್ಟವಾದರೂ ನಿಲ್ಲುತ್ತದೆ.

ಅಂಕೋಲಾದ ಕರಿ ಇಶಾಡ ಮಾವಿನ ಹಣ್ಣನ್ನೂ ನೋಡಿ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಹಣ್ಣಿಗೆ ಒಳ್ಳೆ ದರ ಸಿಕ್ಕರೆ ಹಳೇ ಮರ ಉಳಿಯುತ್ತದೆ, ಇಲ್ಲದಿದ್ದರೆ ಸೈಟಿಗೋಸ್ಕರ ಕಡಿದುಹೋಗುತ್ತದೆ. ಅಲ್ಲೂ ಮರ ಉಳಿಸೋದು ವ್ಯಾಪಾರವೇ.

ಊರವರು ಕೇಳಬೇಕಾದ ಐದು ಪ್ರಶ್ನೆ

ಮುಂದಿನ ಗ್ರಾಮಸಭೆಗೋ, ಕಂಪನಿಯವರ ಜೊತೆಗಿನ ಸಭೆಗೋ ಹೋಗುವಾಗ ಈ ಐದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

1. ದಿನಕ್ಕೆ ಎಷ್ಟು ಲಾರಿ, ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ ಓಡುತ್ತವೆ? ತೂಕದ ಲೆಕ್ಕ ಜನರಿಗೆ ಕಾಣುವ ಹಾಗೆ ಹಾಕುತ್ತೀರಾ?

2. ಧೂಳು, ನೀರು, ಶಬ್ದ ಅಳೆಯುವವರು ಯಾರು? ಆ ಅಂಕಿ ಪಂಚಾಯಿತಿ ಬೋರ್ಡಿಗೆ ಬರುತ್ತದಾ?

3. ನೀವು ಹೇಳುವ ಈ ಕೆಲಸ ಸಿಎಸ್‌ಆರ್‌ನಿಂದಲೋ, ಅನುಮತಿಯ ಷರತ್ತಿನಿಂದಲೋ? ಒಂದೇ ಕೆಲಸವನ್ನು ಎರಡೂ ಕಡೆ ತೋರಿಸುತ್ತಿಲ್ಲ ತಾನೇ?

4. ಸ್ಥಳೀಯ ಪ್ರದೇಶ ಅಂತ ನೀವು ಗುರುತು ಮಾಡಿದ ಊರುಗಳು ಯಾವುವು?

5. ದೂರು ಇದ್ದರೆ ಯಾರಿಗೆ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ?

ಊರಿನ ಸಂಘ ಸಂಸ್ಥೆಯವರಿಗೂ ಒಂದು ಮಾತು. ಸಿಎಸ್‌ಆರ್ ಹಣ ಪಡೆದು ಕೆಲಸ ಮಾಡುವ ಟ್ರಸ್ಟ್ ಅಥವಾ ಸೊಸೈಟಿ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅರ್ಜಿ ತುಂಬಿ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಿಕೊಳ್ಳಬೇಕು. ಅಂಥದ್ದೇ ಕೆಲಸ ಮಾಡಿದ ಮೂರು ವರ್ಷದ ಅನುಭವವನ್ನೂ ಕೇಳುತ್ತಾರೆ. ಈಗಿನಿಂದಲೇ ಲೆಕ್ಕಪತ್ರ ಸರಿ ಇಟ್ಟುಕೊಂಡರೆ ಒಳ್ಳೆಯದು. ಜಿಲ್ಲೆಯಲ್ಲಿ ಯಾವ ಕಂಪನಿ ಎಷ್ಟು ಖರ್ಚು ಮಾಡಿದೆ ಅನ್ನೋದು ಸಚಿವಾಲಯದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ನೋಡಲಿಕ್ಕೆ ಸಿಗುತ್ತದೆ.

ಬೆಂಚು, ಆಂಬುಲೆನ್ಸ್ ಬೇಡ ಅಂತ ಯಾರೂ ಹೇಳೋದಿಲ್ಲ. ಕೊಟ್ಟರೆ ತೆಗೆದುಕೊಳ್ಳೋಣ. ಆದರೆ ಅದೇ ಬೆಂಚಿನ ಮೇಲೆ ಕೂತ ಮಕ್ಕಳು ಧೂಳು ಕುಡಿಯುವ ಹಾಗಾಗಬಾರದು. ಆ ಲೆಕ್ಕ ಕೇಳಬೇಕಾದ ಹೊತ್ತು ಮೊದಲ ಲಾರಿ ಬರುವುದಕ್ಕಿಂತ ಮುಂಚೆ. ಬೇಲೆಕೇರಿಯಲ್ಲಿ ನಾವು ಕೇಳಿದ್ದು ಹಡಗು ಹೋದ ಮೇಲೆ.